ಕಿವಿಯ ಹಿಂದೆ ಒಂದಿಷ್ಟು ಕರೆಂಟು

ಗಂಗಾವತಿಯ ಸುತ್ತಲಿನ ಬಸ್ಸುಗಳಲ್ಲಿ ಇಪ್ಪತ್ತಾರು ವರ್ಷದಿಂದ ಕಂಡಕ್ಟರಾಗಿದ್ದೇನೆ. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು, ಯಾವ ಕಂಬಿಯನ್ನೂ ಮುಟ್ಟದೆ ನಿಲ್ಲಬಲ್ಲವನು. ಅಂಥವನು ಹೋದ ವರ್ಷದಿಂದ ಮನೆಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಮನೆಯೇನೂ ಓಡುತ್ತಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಯಾರಿಗೂ ಹೇಳಲಿಲ್ಲ. ಓಲಾಡುತ್ತೇನೆ ಎಂದರೆ ಕುಡಿಯುತ್ತಾನೆ ಎಂದಾರು ಎಂಬ ಚಿಂತೆ. ಚಿಂತೆಯಲ್ಲಿ ನಾನು ಪಳಗಿದವನು. ಹೆಣ್ಣು ನೋಡಲು ಹೋಗಿ, ಒಪ್ಪಿದರೆ ಹೇಗೆ ಎಂದು ಚಿಂತಿಸುತ್ತಲೇ ಮದುವೆಯ ವಯಸ್ಸು ದಾಟಿಸಿಕೊಂಡವನು. ವಿಚಿತ್ರವೆಂದರೆ, ಬಸ್ಸಿನಲ್ಲಿ ತೊಂದರೆಯೇ ಇರಲಿಲ್ಲ. ಮರಳಿ ಊರಿನ ಕಡೆ ಭತ್ತದ ನಾಟಿಗೆ ಹೊರಟವರು, ಅವರ ಬುತ್ತಿಗಂಟು, ಯಾರದೋ ಗೊಬ್ಬರದ ಚೀಲ, ಎಲ್ಲ ಸೇರಿ ನನ್ನನ್ನು ನೆಟ್ಟಗೆ ನಿಲ್ಲಿಸಿರುತ್ತಿದ್ದವು. ತುಂಬಿದ ಬಸ್ಸಿನಲ್ಲಿ ಬೀಳಬೇಕೆಂದರೂ ಜಾಗವಿಲ್ಲ. ಬೀಳಲು ಬೇಕಾದಷ್ಟು ಜಾಗ ಇರುವುದು ನನ್ನ ಮನೆಯಲ್ಲಿ.

ಕೊನೆಗೆ ಕೊಪ್ಪಳದ ಆಸ್ಪತ್ರೆಗೆ ಹೋದೆ. ಕಿವಿಯ ಒಳಗೆ, ನಾವು ವಾಲಿದ್ದೇವೋ ನೆಟ್ಟಗಿದ್ದೇವೋ ಎಂದು ಮೆದುಳಿಗೆ ತಿಳಿಸುವ ಭಾಗವೊಂದಿದೆಯಂತೆ. ನನ್ನದು ಸುದ್ದಿ ಕಳಿಸುವುದರಲ್ಲಿ ಸೋಮಾರಿಯಾಗಿದೆ. ಎರಡೂ ಕಿವಿಯ ಹಿಂದೆ ಪಟ್ಟಿ ಅಂಟಿಸಿ ಅತಿ ಸಣ್ಣ ಕರೆಂಟು ಹರಿಸಿ ನೋಡುವ ಹೊಸ ಪ್ರಯೋಗವಿದೆ, ಗುಣವಾಗುತ್ತದೆಂದು ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ. ಆರು ಮಂಗಳವಾರ ಬರಬೇಕು.

“ನಿಮ್ಮ ಜೋಡಿ ಯಾರು ಬಂದಾರ್ರಿ?”

“ಯಾರೂ ಇಲ್ರಿ ಮೇಡಂ.”

“ಹಂಗಾದ್ರ ಹಚ್ಚಾಕ ಬರಂಗಿಲ್ರಿ. ಬಾಜೂಕ ಒಬ್ಬರು ನಿಲ್ಲಾಕ ಬೇಕು. ನೀವು ಬಿದ್ರ?”

ದಿನವಿಡೀ ಜನರಿಗೆ ಮುಂದೆ ಸರಿಯಿರಿ, ಮುಂದೆ ಸರಿಯಿರಿ ಎನ್ನುವವನಿಗೆ ಪಕ್ಕದಲ್ಲಿ ನಿಲ್ಲಲು ಕರೆಯಬಹುದಾದ ಒಂದು ಹೆಸರೂ ಹೊಳೆಯಲಿಲ್ಲ. ಚೀಟಿ ಮಡಚಿಕೊಂಡು ಎದ್ದೆ.

ಬಾಗಿಲ ಬಳಿಯ ಬೆಂಚಿನಲ್ಲಿ ಇರಕಲ್ಲಗಡದಲ್ಲಿ ಗೋಡೆ ಕಟ್ಟುವ ಗೌಂಡಿ ಖಾಸಿಂಸಾಬ್ ಕೂತಿದ್ದ. ಅವನ ಕಿವಿ ಸೋರುತ್ತಿತ್ತು. ಔಷಧಕ್ಕೆ ಅವನಿಗೂ ಮಂಗಳವಾರವೇ. “ನಾ ನಿಲ್ತೀನ್ರಿ ಮೇಡಂ,” ಎಂದ. “ಎಂತೆಂಥಾ ಗ್ವಾಡಿ ಹಿಡದ ನಿಂತೀನಿ. ಈ ಕಂಡಕ್ಟರ್ ಸಾಹೇಬ್ರು ಏನು ಭಾರ?”

ಮೊದಲು ಪರೀಕ್ಷೆಗೆಂದು ತುಸು ಜೋರಾಗಿಯೇ ಹರಿಸಿದರು. ಕಣ್ಣು ಮುಚ್ಚಿ ನಿಂತಿದ್ದೆ. ನೆಲ ಒಮ್ಮೆಲೇ ಎಡಕ್ಕೆ ತಿರುಗಿದಂತಾಗಿ ಬಲಕ್ಕೆ ವಾಲಿದೆ. ಬಾಯಿಯಿಂದ ತಾನಾಗಿಯೇ ಹೊರಟಿತು: “ಹೋಲ್ಡಾನ್!”

ಹೊರಗಿನ ರೋಗಿಗಳೂ ಇಣುಕಿದರು. ಖಾಸಿಂಸಾಬ್ ನನ್ನ ರಟ್ಟೆ ಹಿಡಿದುಕೊಂಡೇ, “ಬಸ್ ನಿಂತೈತ್ರಿ ಸಾಹೇಬ್ರ, ಇಳೀರಿ,” ಎಂದ.

ಚಿಕಿತ್ಸೆಯ ಕರೆಂಟು ಗೊತ್ತೇ ಆಗುವುದಿಲ್ಲ. ತೂಕಡಿಸುವ ಪ್ರಯಾಣಿಕನನ್ನು ಪಕ್ಕದವರು ಮೊಣಕೈಯಿಂದ ತಿವಿಯುತ್ತಾರಲ್ಲ, ಊರು ಬಂತು ಎಂದು, ಅಷ್ಟೇ. ನನಗಂತೂ ಆ ಕರೆಂಟಿಗಿಂತ ರಟ್ಟೆಯ ಮೇಲಿನ ಸಿಮೆಂಟು ತಿಂದ ಒರಟು ಕೈ ಹೆಚ್ಚು ಅರಿವಿಗೆ ಬರುತ್ತಿತ್ತು. ಯಾರಾದರೂ ನನ್ನನ್ನು ಹಾಗೆ, ಇಳಿಯುವ ಅವಸರವಿಲ್ಲದೆ, ಹಿಡಿದುಕೊಂಡು ಎಷ್ಟು ವರ್ಷವಾಗಿತ್ತೋ. ಸೋಮವಾರವೇ ಅಂಗಿ ಇಸ್ತ್ರಿ ಮಾಡಿಡತೊಡಗಿದೆ.

ಆರನೆಯ ಮಂಗಳವಾರ, ಪರೀಕ್ಷೆಗೆಂದು ನೆಲಕ್ಕೆ ಹಾಸಿದ ಮೆತ್ತನೆಯ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ಕಂಬದಂತೆ ನಿಂತೆ. ಅದು ಕರೆಂಟಿನಿಂದಲೋ, ಜೊತೆಗೆ ಹೇಳಿಕೊಟ್ಟ ವ್ಯಾಯಾಮದಿಂದಲೋ ಎಂದು ಡಾಕ್ಟರಮ್ಮನಿಗೂ ಖಚಿತವಿಲ್ಲ. “ಛಲೋ ಆತು. ಇನ್ನ ಯಾರೂ ಬಾಜೂಕ ನಿಲ್ಲೂದು ಬ್ಯಾಡ್ರಿ,” ಎಂದರು ಸಂತೋಷದಿಂದ. ನನಗೋ, ಕಡೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದಂತಾಯಿತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನಾನೊಂದು ಸಣ್ಣ ಅಪರಾಧ ಮಾಡಿದೆ: ಬೇಕೆಂದೇ ಸ್ವಲ್ಪ ವಾಲಿದೆ.

ಖಾಸಿಂಸಾಬ್ ಜೇಬಿನಿಂದ ಕೈ ತೆಗೆಯಲೇ ಇಲ್ಲ. “ಬೀಳ್ರಿ, ನೋಡೂಣು,” ಎಂದ. “ಚಾ ಕುಡಿಯೂಣು ಬಾ ಅನ್ನಾಕ ಇಷ್ಟ್ಯಾಕ ನಾಟಕ?”

ನೆಟ್ಟಗಾದೆ. ಬೀಳುವುದಕ್ಕಿಂತ ಕೇಳುವುದು ಕಷ್ಟ. ಅದಕ್ಕೆ ಯಾವ ಡಾಕ್ಟರೂ ಕರೆಂಟು ಹರಿಸಲಾರರು. “ಚಾ ಕುಡಿಯೂಣು ಬಾ,” ಎಂದೆ. ಧ್ವನಿ ಮಾತ್ರ ಸ್ವಲ್ಪ ವಾಲಿತು.