ರುಮಾಲು ಸಡ್ಲ ಕಟ್ರಿ

ಕಾಕಾನ ಎಡಗಿವಿಯ ಮುಂದೆ, ಚರ್ಮದ ಕೆಳಗೆ, ಒಂದು ನರ ಸದಾ ಟಕ್ ಟಕ್ ಎಂದು ಹಾರುತ್ತಿತ್ತು. ಮಿದುಳಿನ ರಕ್ತನಾಳವೊಂದು ಮುಚ್ಚಿಹೋದಾಗ ಹುಬ್ಬಳ್ಳಿಯ ವೈದ್ಯರು ನೆತ್ತಿಗೆ ಹೋಗುವ ನರವನ್ನೇ ಬುರುಡೆಯೊಳಕ್ಕೆ ಇಳಿಸಿ ಜೋಡಿಸಿದ್ದರು. ಗಜೇಂದ್ರಗಡದಲ್ಲಿ ನನಗೆ ಕೈಮಗ್ಗ ಕಲಿಸಿದ ನೆರೆಮನೆಯ ಈ ಕಾಕಾನಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. “ಹರದ ಎಳಿ ಬಿಟ್ಟು ಬಾಜೂಕಿನ ಎಳಿ ಜೋಡ್ಸ್ಯಾನ. ಡಾಕ್ಟರ್ ಚಲೋ ನೇಕಾರ ಅದಾನ,” ಎನ್ನುತ್ತಿದ್ದರು. ಬಂದವರ ಬೆರಳು ಹಿಡಿದು ಆ ನರ ಮುಟ್ಟಿಸದೆ ಚಹಾ ಕೊಡುತ್ತಿರಲಿಲ್ಲ.

ಅಲ್ಲಿ ಬಿಗಿಯಾದದ್ದೇನೂ ಒತ್ತಬಾರದು, ವರ್ಷಗಳು ಕಳೆದ ಮೇಲೂ ರಕ್ತ ನಿಂತೀತು ಎಂದು ವೈದ್ಯರು ಹೇಳಿದ್ದರು. ಕಾಕಾ ಟೊಪ್ಪಿಗೆ ಬಿಟ್ಟರು. ಕನ್ನಡಕದ ಎಡಬದಿಯ ಕಡ್ಡಿ ಮುರಿದು, ಅಲ್ಲಿ ರೇಷ್ಮೆ ಎಳೆ ಕಟ್ಟಿ ಕಿವಿಗೆ ಸಡಿಲವಾಗಿ ಸಿಕ್ಕಿಸಿಕೊಂಡರು. ಯಾರಾದರೂ ಮರ್ಯಾದೆ ಮಾಡಲು ಬಂದರೆ ಮಾತ್ರ ಬೇಡವೆನ್ನುವುದು ಅವರಿಗೆ ಗೊತ್ತಿರಲಿಲ್ಲ.

ಆಪರೇಷನ್ ಆದ ಐದನೆಯ ವರ್ಷ ನರಗುಂದದ ಕಾಳಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಮದುವೆ; ಕಾಕಾನ ಜೊತೆ ನಾನೂ ಹೋಗಿದ್ದೆ. ಮದುಮಗಳ ಸೀರೆ ನೇಯ್ದವರೆಂದು ಕಾಕಾನನ್ನು ವೇದಿಕೆಗೆ ಕರೆದು, ಕೈಗೆ ತೆಂಗಿನಕಾಯಿ ಕೊಟ್ಟು, ರುಮಾಲು ಸುತ್ತತೊಡಗಿದರು.

“ಸಡ್ಲ ಕಟ್ರಿ,” ಎಂದರು ಕಾಕಾ, ಮೆಲ್ಲಗೆ.

“ಕಾಳಜಿ ಬ್ಯಾಡ್ರಿ ಹಿರ್ಯಾರ, ನಾ ಕಟ್ಟಿದ್ದು ಬಿಚ್ಚಂಗಿಲ್ಲ!” ವ್ಯಾಪಾರಿ ಇನ್ನೊಂದು ಸುತ್ತು ಬಿಗಿದರು.

ಮೈಕು ಬಂತು. ಕಾಕಾ ಬಾಯಿ ತೆರೆದರು; ಮಾತು ಬರಲಿಲ್ಲ. “ಹಿರ್ಯಾರಿಗೆ ಮನಸ್ಸು ತುಂಬಿ ಬಂದೈತಿ,” ಎಂದರು ಯಾರೋ. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅವರ ಬಲಗೈಯಿಂದ ಕಾಯಿ ಜಾರಿ ಬಿತ್ತು.

ನಾನು ವೇದಿಕೆ ಹತ್ತಿ ರುಮಾಲು ಕಿತ್ತೆಸೆದೆ.

“ಏ ಹುಡುಗಿ, ಹಿರ್ಯಾರ ಮರ್ಯಾದಿ ತಗೀತಿಯೇನ?” ವ್ಯಾಪಾರಿ ಗದರಿದರು. ನಾನು ಕಾಕಾನ ಕಿವಿಯ ಮುಂದೆ ಬೆರಳಿಟ್ಟೆ. ಏನೂ ಇಲ್ಲ. ಆಮೇಲೆ ಒಂದು ಟಕ್. ಇನ್ನೊಂದು ಟಕ್.

ಗಾಡಿ ಬರುವಷ್ಟರಲ್ಲಿ ಅವರ ನಾಲಗೆ ಹೊರಳಿತು. “ಊಟ ಮುಗದಾವೇನ?”

“ಮೊದಲ ದವಾಖಾನಿ, ನಡೀರಿ,” ಎಂದೆ. ಗೋಧಿ ಹುಗ್ಗಿ ತಪ್ಪಿಸಿದೆನೆಂದು ಹುಬ್ಬಳ್ಳಿಯವರೆಗೂ ಬೈದರು. ಆ ಬೈಗುಳದ ಒಂದೊಂದು ಮಾತೂ ನನಗೆ ಸಕ್ಕರೆಯಾಗಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಅದೂ ಎದೆಬಡಿತ ನಿಂತು. ಡಾಕ್ಟರ್ ಜೋಡಿಸಿದ ಎಳೆ ಕೊನೆಯವರೆಗೂ ತುಂಡಾಗಲಿಲ್ಲ. ಮಣ್ಣು ಮಾಡುವ ಮುನ್ನ ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಮಗ ತಲೆಗೆ ರುಮಾಲು ಸುತ್ತುತ್ತಿದ್ದ. ನಾನು ಅರಿವಿಲ್ಲದೆ ಕೂಗಿಬಿಟ್ಟೆ: “ಸಡ್ಲ ಕಟ್ಟೋ!”

ಅಳುತ್ತಿದ್ದ ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮಗ ಒಂದು ಸುತ್ತು ಬಿಚ್ಚಿ, ಕಿವಿಯ ಮುಂದೆ ಎರಡು ಬೆರಳಿನ ಜಾಗ ಬಿಟ್ಟು ಕಟ್ಟಿದ.