ಗುಪ್ತಾಜಿಯ ಮೂಗಿಗೆ ಬಡಿದ ಘಾಟು

ಸ್ನೇಹಿತರೇ, ನಮ್ಮ ಮಯೂರ್ ವಿಹಾರ್ ಸೊಸೈಟಿಯ ಕಾರ್ಯದರ್ಶಿ ಗುಪ್ತಾಜಿಯ ಮೂಗಿನ ಪ್ರತಾಪ ಕೇಳಿ. ಇವತ್ತು ಬೆಳಿಗ್ಗೆ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತಾ ಬಂದು ನಮ್ಮ ಮನೆಯ ಬೆಲ್ ಒತ್ತಿದರು. ಕೈಯಲ್ಲೊಂದು ಅರ್ಜಿ. ಮೇಲಿನ ಮನೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿರುವ ಉಗಾಂಡಾದ ವಿದ್ಯಾರ್ಥಿನಿ ಗ್ರೇಸ್‌ಳಿಂದ ಮನೆ ಖಾಲಿ ಮಾಡಿಸಬೇಕಂತೆ. ಕಾರಣ, ಅವಳ ಅಡುಗೆಯ ವಾಸನೆ. ಆಗಲೇ ಹನ್ನೊಂದು ಮನೆಯವರು ಸಹಿ ಹಾಕಿದ್ದರು.

"ನೋಡಿ ಭಾಭೀಜಿ, ಈಗಲೂ ಏನೋ ಸುಡ್ತಿದ್ದಾಳೆ. ಮನುಷ್ಯರು ತಿನ್ನೋ ವಸ್ತುನಾ ಇದು? ಉಸಿರಾಡೋಕೇ ಆಗ್ತಿಲ್ಲ!"

"ಗ್ರೇಸ್ ಏಳು ಗಂಟೆಗೇ ಕಾಲೇಜಿಗೆ ಹೋದ್ಲು. ಇದು ನಾನು ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರೀತಿರೋ ಘಾಟು," ಎಂದೆ.

ಕರ್ಚೀಫು ತಟ್ಟನೆ ಜೇಬು ಸೇರಿತು.

"ಅಚ್ಛಾ, ನಿಮ್ಮದಾ! ಅದಕ್ಕೇ ಅಂದ್ಕೊಂಡೆ, ಎಂಥಾ ಘಮ! ನಮ್ಮನೆಗೂ ಒಂದು ಡಬ್ಬಿ ಕೊಡಿ."

ನಾವು ದಕ್ಷಿಣದಿಂದ ಇಲ್ಲಿಗೆ ಹೊಸದಾಗಿ ಬಂದಾಗ ನಮ್ಮ ಇಂಗಿನ ಒಗ್ಗರಣೆಗೆ 'ಮದ್ರಾಸಿಗಳ ವಾಸನೆ' ಎಂದು ಮೂಗು ಮುರಿದ ಮಹಾನುಭಾವರು ಇವರೇ.

"ಹಾಗಾದ್ರೆ ಆ ಅರ್ಜಿ ಹರಿದುಹಾಕಿ," ಎಂದೆ.

"ಅರೇ, ಅದು ಬೇರೆ ವಿಷಯ. ಹನ್ನೊಂದು ಜನ ಸಹಿ ಹಾಕಿದ್ದಾರೆ. ಅಷ್ಟು ಜನ ಸುಳ್ಳು ಹೇಳ್ತಾರಾ?"

ಇಷ್ಟು ಹೇಳಿ, ನನ್ನ ಮೆಣಸಿನಕಾಯಿಯ ಆ ಘಮಕ್ಕೆ ಧಾರಾಕಾರ ಸುರಿಯುತ್ತಿದ್ದ ಕಣ್ಣೀರನ್ನು ಒರೆಸಿಕೊಳ್ಳುತ್ತಾ, ಗ್ರೇಸ್‌ಳ ವಾಸನೆಯ ವಿರುದ್ಧ ಹನ್ನೆರಡನೇ ಸಹಿ ಕೇಳಲು ಪಕ್ಕದ ಮನೆಯ ಬೆಲ್ ಒತ್ತಿದರು.