ಮಲ್ಲವ್ವನ ಕರುಳು, ನನ್ನ ಮಿಶ್ರಿ ಡಬ್ಬಿ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಮರಾಠಿ ಸೀಮೆಯ ಗಡಿ ಊರು ಜತ್ತದ ಒಂದು ಖಾಸಗಿ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ಸರ್ಜನ್ ಸಾಹೇಬರು ಪುಣೆ ಕಡೆಯವರು, ಕನ್ನಡ ಬಾರದು. ಮರಾಠಿ ಸರಿಯಾಗಿ ಬಾರದ ರೋಗಿ ಬಂದರೆ ನಡುವೆ ನಾನೇ ನಿಲ್ಲಬೇಕು. ಹಾಗೆ ನಿಂತು ನಾನು ಮಾಡಿದ ಘಾತವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಲ್ಲವ್ವ ಸೋನ್ಯಾಳದವರು. ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿದು ಬದುಕುತ್ತಿದ್ದ ಗಟ್ಟಿ ಹೆಂಗಸು. ಅವರ ದೊಡ್ಡ ಕರುಳಿನಲ್ಲಿ ಗಡ್ಡೆಯಾಗಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಕೂಡಿಸಿ ಹೊಲಿಯಬೇಕು. ಈ ಜೋಡಣೆಗೆ ಅನಾಸ್ಟಮೋಸಿಸ್ ಅನ್ನುತ್ತಾರೆ. ಅದು ಬಿಚ್ಚಿಕೊಂಡರೆ ಮಲ ಹೊಟ್ಟೆಯೊಳಗೆ ಸೋರಿ ಜೀವಕ್ಕೇ ಕುತ್ತು. ಆಗ ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು, ಮಲ ಬೀಳಲು ಚೀಲ ಅಂಟಿಸಬೇಕಾಗುತ್ತದೆ. ಇದನ್ನು ತಿಳಿಸಿ ಹೇಳಿದಾಗ ಮಲ್ಲವ್ವ ನನ್ನ ಕೈ ಹಿಡಿದರು.

“ಚೀಲ ಒಂದು ಬ್ಯಾಡ ನೋಡ್ ತಂಗಿ. ಚೀಲ ಕಟ್ಕೊಂಡಾಕಿ ಬಡದ ರೊಟ್ಟಿ ಯಾರ ತಿಂತಾರ?”

ಹೊಲಿಗೆ ಕೂಡದಿರಲು ಕಾರಣ ಹಲವು. ರಕ್ತ ಕಡಿಮೆ ಇರುವುದು, ಸಕ್ಕರೆ ಕಾಯಿಲೆ, ಮೈಯಲ್ಲಿ ಪೌಷ್ಟಿಕಾಂಶ ಇಲ್ಲದಿರುವುದು, ಸ್ಟೆರಾಯ್ಡ್ ಗುಳಿಗೆ, ತಂಬಾಕು. ಸಾಹೇಬರು ಒಂದೊಂದೇ ಕೇಳಿದರು, ನಾನು ಕನ್ನಡಕ್ಕೆ ತಂದೆ. ರಕ್ತವೊಂದು ಕಡಿಮೆ ಇತ್ತು. ಅದು ಏರಲೆಂದು ಆಪರೇಷನ್ನನ್ನು ಕೆಲವು ವಾರ ಮುಂದೂಡಿದರು. ಕಡೆಯ ಪ್ರಶ್ನೆ, “ತಂಬಾಕ ತಿಂತೀರೇನ್ರಿ?”

“ಅಯ್ಯ ಶಿವನ! ಗಂಡಸರ ಚಟ ನಮಗ್ಯಾಕ ತಂಗಿ?” ಎಂದರು. ನಾನು ನಕ್ಕು, ಸಾಹೇಬರಿಗೆ “ನಾಹೀ” ಎಂದೆ.

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಎಷ್ಟೋ ಹೆಂಗಸರು ಮುಂಜಾನೆ ಎದ್ದು ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ ಅದು. ಆದರೆ ಅದನ್ನು ತಂಬಾಕು ಅಂತ ಯಾರೂ ಅನ್ನುವುದಿಲ್ಲ. ಅದನ್ನು ತಿನ್ನುವುದೂ ಇಲ್ಲ, ಹಚ್ಚುವುದು. ಆಪರೇಷನ್ನಿಗೆ ಸೇರಿದ ದಿನ ಮಲ್ಲವ್ವ ತಮ್ಮ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದರು. “ಮಿಶ್ರಿ ಹಚ್ಚಲಾರದ ತಲಿ ಸಿಡ್ಯಾಕತ್ತೇತಿ” ಎಂದಾಗ ನಾನು ಪರ್ಸಿನಿಂದ ನನ್ನ ಡಬ್ಬಿ ತೆಗೆದು ಕೊಟ್ಟೆ. ಹೌದು, ನಾನೂ ಹಚ್ಚುತ್ತಿದ್ದೆ! ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ, ಗಾಯ ಮಾಯಲು ಬಿಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆಪರೇಷನ್ ಆದ ಮೇಲೂ ಕೇಳಿದರು, ಮತ್ತೂ ಕೊಟ್ಟೆ.

ಮೊದಲ ಕೆಲವು ದಿನ ಎಲ್ಲ ಚಲೋ ಇತ್ತು. ಆಮೇಲೆ ಜ್ವರ ಬಂತು, ನಾಡಿ ಓಡತೊಡಗಿತು, ಹೊಟ್ಟೆ ಹಲಗೆಯಂತೆ ಬಿಗಿಯಿತು. ಸ್ಕ್ಯಾನ್‌ನಲ್ಲಿ ಹೊಲಿಗೆ ಸೋರುತ್ತಿರುವುದು ಕಂಡಿತು. ಕೂಡಲೇ ಎರಡನೆಯ ಆಪರೇಷನ್ ಮಾಡಿದರು. ಮಲ್ಲವ್ವ ಬದುಕಿದರು, ಆದರೆ ಹೊಟ್ಟೆಗೆ ಚೀಲ ಬಂತು.

“ಏನು ಬಿಟ್ಟುಹೋಯಿತು, ಸಿಸ್ಟರ್?” ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಮಿಶ್ರಿ ಎಂದೆ. ಡಬ್ಬಿ ಕೊಟ್ಟಿದ್ದನ್ನೂ ಹೇಳಿದೆ. ಅವರು ಕಪಾಳಕ್ಕೆ ಹೊಡೆದಿದ್ದರೂ ಸಹಿಸಿಕೊಳ್ಳುತ್ತಿದ್ದೆ. “ಅದೊಂದರಿಂದಲೇ ಆಯಿತು ಎನ್ನಲಾಗದು. ಆದರೆ ಗೊತ್ತಿದ್ದರೆ ಮುಂದೂಡಿದ ಆ ವಾರಗಳಲ್ಲಿ ಬಿಡಿಸಬಹುದಿತ್ತು” ಎಂದಷ್ಟೇ ಹೇಳಿ ಹೋದರು.

ಮಲ್ಲವ್ವನ ಮಂಚದ ಬಳಿಗೆ ಹೋಗಿ ನಿಂತೆ. “ಅಕ್ಕಾರ, ತಪ್ಪಾತ್ರಿ. ಮಿಶ್ರಿನೂ ತಂಬಾಕನ. ನಾ ಕೇಳಬೇಕಿತ್ತು, ಕೊಡಬಾರದಿತ್ತು.”

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

“ನನಗೂ ಒಂದ್ ಸಂಶೆ ಇತ್ತು ತಂಗಿ, ದವಾಖಾನ್ಯಾಗ ಇದು ನಡೀತೈತೋ ಇಲ್ಲೋ ಅಂತ. ಸಿಸ್ಟರ್ ತಾನ ಹಚ್ತಾಳಂದ ಮ್ಯಾಲ ಅದರಾಗೇನ್ ದೋಷ ಇದ್ದೀತು ಅಂತ ಹಚ್ಚಿದೆ.” ಇಷ್ಟು ಹೇಳಿ ಗೋಡೆ ಕಡೆ ಹೊರಳಿ ಮಲಗಿದರು.

ಮುಂದೆ ಇನ್ನೊಂದು ಆಪರೇಷನ್ ಮಾಡಿ ಚೀಲ ತೆಗೆಯಬಹುದಿತ್ತು. “ಸಾಕ್ರಿ, ಇನ್ನ ಕೊಯ್ಸಿಕೊಳ್ಳೂದು ಬ್ಯಾಡ” ಎಂದು ಮಲ್ಲವ್ವ ಒಪ್ಪಲಿಲ್ಲ. ಖಾನಾವಳಿಗೂ ಮರಳಲಿಲ್ಲ.

ಈಗ ನಾನು ನಿವೃತ್ತಳು. ಸನಮಡಿ, ಸೊರಡಿ ಕಡೆಯ ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ ಹೆಂಗಸರು ಆರೋಗ್ಯದ ಬಗ್ಗೆ ಮಾತಾಡಲು ಕರೆದರೆ ಹೋಗುತ್ತೇನೆ. ಕೇಳಿದಷ್ಟಕ್ಕೇ ಉತ್ತರ ಸಿಗುತ್ತದೆ, ಅದೂ ಅವರ ಮಾತಿನಲ್ಲಿ ಕೇಳಿದರೆ ಮಾತ್ರ ಎಂಬುದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಅದಕ್ಕೇ ತಂಬಾಕಿನ ಹೆಸರೆತ್ತದೆ “ಹಲ್ಲಿಗಿ ಏನ ಹಚ್ಚತೀರಿ?” ಎನ್ನುತ್ತೇನೆ. ಅವರು ನಾಚಿ ಸುಮ್ಮನಾದರೆ ಮೊದಲು ನಾನೇ ಬಾಯಿ ತೆರೆದು ನನ್ನ ಕಪ್ಪು ಹಲ್ಲು ತೋರಿಸುತ್ತೇನೆ. ಮಿಶ್ರಿ ಬಿಟ್ಟಿದ್ದೇನೆ, ಆ ಕಪ್ಪು ಮಾತ್ರ ಇನ್ನೂ ಹೋಗಿಲ್ಲ.